ಪದವಿ ಮುಗಿಯಿತು, ಮುಂದೇನು? ಅಪ್ರೆಂಟಿಸ್ ತರಬೇತಿಯ ಬಗ್ಗೆ ತಿಳಿದಿರಲಿ

ಪದವಿ ಮುಗಿಸಿ ಸಂದರ್ಶನಕ್ಕೆ ಹೋಗುವ ನಮ್ಮ ಯುವಜನರಿಗೆ ಎದುರಾಗುವ ಮೊದಲ ಪ್ರಶ್ನೆ, 'ಅನುಭವ ಇದೆಯೇ?' ಕೆಲಸ ಸಿಗದೆ ಅನುಭವ ಬಾರದು, ಅನುಭವವಿಲ್ಲದೆ ಕೆಲಸ ಸಿಗದು. ಇದಕ್ಕೆ ಕಾನೂನಿನಲ್ಲೇ ಒಂದು ದಾರಿ ಇದೆ ಎಂಬುದನ್ನು ನಾವು ಹಲವರು ಅರಿತಿಲ್ಲ.

1961ರ ಅಪ್ರೆಂಟಿಸ್ ಕಾಯ್ದೆ ಆರಂಭದಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಮುಂತಾದ ಕಸುಬುಗಳಿಗೆ ಸೀಮಿತವಾಗಿತ್ತು. 1973ರ ತಿದ್ದುಪಡಿ ಇಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ಸೇರಿಸಿತು. 2014ರ ತಿದ್ದುಪಡಿಯಿಂದ ಬಿ.ಎ., ಬಿ.ಕಾಂ. ಓದಿದವರಿಗೂ ಅವಕಾಶ ದೊರೆಯಿತು. 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ಅದರ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 4ರಿಂದ 29 ಮಂದಿ ಇರುವಲ್ಲಿ ಅದು ಮಾಲಕರ ಇಚ್ಛೆಗೆ ಬಿಟ್ಟದ್ದು.

ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಯಲ್ಲಿ ಪದವೀಧರರ ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಕೇಂದ್ರ ಸರಕಾರ ಭರಿಸುತ್ತದೆ. ಕರ್ನಾಟಕವೂ ಸೇರಿದ ದಕ್ಷಿಣ ವಲಯದ ಮಂಡಳಿ ಚೆನ್ನೈಯಲ್ಲಿದೆ. ತರಬೇತಿ ಸಾಮಾನ್ಯವಾಗಿ ಒಂದು ವರ್ಷ. ಕೊನೆಗೆ ಪ್ರಮಾಣಪತ್ರ ಸಿಗುತ್ತದೆ.

ಪೋಷಕರು ಎರಡು ಮಾತು ನೆನಪಿಡಬೇಕು. ಸ್ಟೈಪೆಂಡ್ ಸಂಬಳವಲ್ಲ, ತರಬೇತಿಯ ನಂತರ ಕೆಲಸ ಕೊಡಲೇಬೇಕೆಂಬ ನಿಯಮವೂ ಸಾಮಾನ್ಯವಾಗಿ ಇಲ್ಲ. ಆದರೆ ಲಿಖಿತ ಒಪ್ಪಂದ ಇರಲೇಬೇಕು, ಅದು ನೋಂದಣಿಯಾಗಬೇಕು. ಕೆಲಸದ ವೇಳೆ ಗಾಯವಾದರೆ ಪರಿಹಾರ ಕೇಳಲು ಈ ಕಾಗದವೇ ಆಧಾರ. ಒಪ್ಪಂದವಿಲ್ಲದೆ 'ಕಲಿಯಲು ಬಾ' ಎಂದು ತಿಂಗಳುಗಟ್ಟಲೆ ದುಡಿಸಿಕೊಳ್ಳುವುದು ತರಬೇತಿಯಲ್ಲ.

ವಾರ್ಡಿನ ಗುರ್ಕಾರರು ಮನೆಭೇಟಿಯ ವೇಳೆ ಪದವೀಧರರಿಗೆ ಈ ವಿಷಯ ತಿಳಿಸಿ, ಆನ್‌ಲೈನ್ ನೋಂದಣಿಗೆ ನೆರವಾಗಲಿ. ನಮ್ಮಲ್ಲಿ ಉದ್ಯಮ ನಡೆಸುವವರು ವರ್ಷಕ್ಕೆ ಒಬ್ಬರಿಗಾದರೂ ಸ್ಥಳ ಕೊಟ್ಟರೆ, ಒಂದು ಮನೆಗೆ ದಾರಿ ತೋರಿಸಿದಂತಾಗುತ್ತದೆ.