ಶಕ್ತಿ ರಸ್ತೆಗೆ ಮುಟ್ಟುವುದು ಹೇಗೆ? ಕಾರಿನ ಹಿಂದಿನ ಸಸ್ಪೆನ್ಷನ್ ವಿನ್ಯಾಸ

ಎಂಜಿನ್ನಿನಲ್ಲಿ ಎಷ್ಟೇ ಶಕ್ತಿಯಿದ್ದರೂ ಚಕ್ರ ನೆಲವನ್ನು ಬಿಗಿಯಾಗಿ ಹಿಡಿಯದಿದ್ದರೆ ಅದು ವ್ಯರ್ಥ. 1960ರ ದಶಕದ ಅಮೆರಿಕದ ‘ಮಸಲ್ ಕಾರು’ಗಳು ಈ ಪಾಠವನ್ನು ಚೆನ್ನಾಗಿ ಕಲಿಸಿದವು. ಸಾಧಾರಣ ಗಾತ್ರದ ಕಾರಿಗೆ ಭಾರಿ ವಿ-8 ಎಂಜಿನ್ ಕೂರಿಸಿದ ವಾಹನಗಳಿವು. ಷೆವ್ರೊಲೆ ಕಂಪನಿಯ 1967ರ ಮಾದರಿಯ ಕಮಾರೊ ಇಂಥದೊಂದು. ಅದಕ್ಕೆ ದೊರೆಯುತ್ತಿದ್ದ 350 ಘನ ಅಂಗುಲದ, ಎಂದರೆ ಸುಮಾರು 5.7 ಲೀಟರಿನ ಎಂಜಿನ್ 295 ಅಶ್ವಶಕ್ತಿ ಕೊಡುತ್ತಿತ್ತು.

ಆದರೆ ಹಿಂದಿನ ಅಚ್ಚನ್ನು ಹಿಡಿದಿದ್ದದ್ದು ಪ್ರತಿ ಬದಿಗೆ ಒಂದೇ ಪಟ್ಟಿಯ ಲೀಫ್ ಸ್ಪ್ರಿಂಗ್. ನಮ್ಮ ಲಾರಿಗಳಲ್ಲಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳನ್ನು ನೀವು ನೋಡಿರುತ್ತೀರಿ. ಕಮಾರೊದಲ್ಲಿ ಆ ಕಟ್ಟೇ ಇರಲಿಲ್ಲ. ಎಂಜಿನ್ ಚಕ್ರವನ್ನು ಮುಂದಕ್ಕೆ ತಿರುಗಿಸಿದಾಗ, ನ್ಯೂಟನ್ನನ ಮೂರನೆಯ ನಿಯಮದಂತೆ ಅಚ್ಚಿನ ಕವಚ ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಆಗ ಪಟ್ಟಿ ಅಂಕುಡೊಂಕಾಗಿ ಬಾಗುತ್ತದೆ. ಟೈರು ಜಾರಿದೊಡನೆ ಪಟ್ಟಿ ಪುಟಿದು ನೆಟ್ಟಗಾಗುತ್ತದೆ; ಟೈರು ಮತ್ತೆ ಹಿಡಿದರೆ ಮತ್ತೆ ಬಾಗುತ್ತದೆ. ಇದು ಬೇಗ ಬೇಗ ಮರುಕಳಿಸಿ ಚಕ್ರ ಕುಪ್ಪಳಿಸತೊಡಗುತ್ತದೆ. ಆದುದರಿಂದ 1968ರಲ್ಲಿ ಕಂಪನಿ ಹೆಚ್ಚು ಶಕ್ತಿಯ ಮಾದರಿಗಳಿಗೆ ಹಲವು ಪಟ್ಟಿಗಳ ಸ್ಪ್ರಿಂಗ್ ಕೊಟ್ಟಿತು. ಒಂದು ಶಾಕ್ ಅಬ್ಸಾರ್ಬರನ್ನು ಅಚ್ಚಿನ ಮುಂದೆ, ಇನ್ನೊಂದನ್ನು ಹಿಂದೆ ಇರಿಸಿತು.

ಇಂಥ ಕಾರಿಗೆ ಹೊಸದಾಗಿ ಹಿಂದಿನ ಸಸ್ಪೆನ್ಷನ್ ರೂಪಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಅಚ್ಚು ಹೇಗೆಲ್ಲ ಚಲಿಸಬೇಕು? ಯಾವುದೇ ಗಟ್ಟಿ ವಸ್ತುವಿಗೆ ಆರು ಬಗೆಯ ಚಲನೆ ಸಾಧ್ಯ: ಮೂರು ದಿಕ್ಕುಗಳಲ್ಲಿ ಸರಿಯುವುದು, ಮೂರು ಅಕ್ಷಗಳ ಸುತ್ತ ತಿರುಗುವುದು. ಅಚ್ಚಿಗೆ ಬೇಕಾದದ್ದು ಎರಡೇ: ಮೇಲೆ ಕೆಳಗೆ ಆಡುವುದು, ಒಂದು ಚಕ್ರ ಉಬ್ಬು ಏರಿದಾಗ ಓರೆಯಾಗುವುದು. ಉಳಿದ ನಾಲ್ಕನ್ನು ತಡೆಯಬೇಕು. ಎರಡೂ ತುದಿಗಳಲ್ಲಿ ತಿರುಗುವ ಕೀಲುಳ್ಳ ಒಂದು ದಂಡ ಒಂದು ಚಲನೆಯನ್ನು ತಡೆಯುತ್ತದೆ. ಹಾಗಾದರೆ ನಾಲ್ಕು ದಂಡಗಳು ಸಾಕು. ಕೆಳಗೆ ಎರಡು ಉದ್ದ ದಂಡಗಳು ಕಾರನ್ನು ಮುಂದಕ್ಕೆ ತಳ್ಳುತ್ತವೆ. ಮೇಲಿನ ಒಂದು ದಂಡ ಕವಚ ಹಿಂದಕ್ಕೆ ತಿರುಗದಂತೆ ಎಳೆದು ಹಿಡಿಯುತ್ತದೆ. ನಾಲ್ಕನೆಯದು ಅಡ್ಡ ದಂಡ. ಅದು ಅಚ್ಚು ಪಕ್ಕಕ್ಕೆ ಸರಿಯದಂತೆ ಕಾಯುತ್ತದೆ. ಭಾರ ಹೊರುವುದಷ್ಟೇ ಈಗ ಸ್ಪ್ರಿಂಗಿನ ಕೆಲಸವಾದ್ದರಿಂದ ಸುರುಳಿ ಸ್ಪ್ರಿಂಗ್ ಹಾಕಬಹುದು.

ಅಡ್ಡ ದಂಡಕ್ಕೆ ಪನಾರ್ ದಂಡವೆಂದು ಹೆಸರು. ಅದರ ತುದಿ ವೃತ್ತದ ಕಂಸದಲ್ಲಿ ಚಲಿಸುತ್ತದೆ. ಒಂದು ಮೀಟರ್ ಉದ್ದದ ಮಟ್ಟಸವಾದ ದಂಡದ ತುದಿ 75 ಮಿಲಿಮೀಟರ್ ಮೇಲೇರಿದರೆ ಅಚ್ಚು ಪಕ್ಕಕ್ಕೆ ಸುಮಾರು 2.8 ಮಿಲಿಮೀಟರ್ ಸರಿಯುತ್ತದೆ. ದಂಡ ಅರ್ಧ ಮೀಟರಿನದಾದರೆ 5.7 ಮಿಲಿಮೀಟರ್. ಪೈಥಾಗೊರಸ್ ಪ್ರಮೇಯದಿಂದ ನೀವೇ ಲೆಕ್ಕ ಹಾಕಬಹುದು. ಆದ್ದರಿಂದ ದಂಡ ಉದ್ದವಿದ್ದಷ್ಟೂ ಒಳ್ಳೆಯದು.

ಸ್ಪ್ರಿಂಗಿಗೂ ಗಣಿತವಿದೆ. ಒಂದು ಹಿಂಚಕ್ರದ ಮೇಲೆ 300 ಕಿಲೋಗ್ರಾಂ ದ್ರವ್ಯರಾಶಿ ಇದ್ದು, ಸ್ಪ್ರಿಂಗ್ ಒಂದು ಮಿಲಿಮೀಟರ್ ಕುಗ್ಗಲು 20 ನ್ಯೂಟನ್ ಬಲ ಬೇಕೆನ್ನೋಣ. ಕಾರು ಸೆಕೆಂಡಿಗೆ ಸುಮಾರು 1.3 ಸಲ ತೂಗುತ್ತದೆ. ಸ್ಪ್ರಿಂಗನ್ನು ಎರಡು ಪಟ್ಟು ಗಡಸುಗೊಳಿಸಿದರೆ ಇದು 2.6 ಆಗುವುದಿಲ್ಲ, ಸುಮಾರು 1.8 ಆಗುತ್ತದೆ, ವರ್ಗಮೂಲದ ಸಂಬಂಧವೇ ಕಾರಣ.

ಎಲ್ಲಕ್ಕಿಂತ ಮುಖ್ಯವಾದದ್ದು ದಂಡಗಳನ್ನು ಕಾರಿಗೆ ಜೋಡಿಸುವ ಜಾಗ. ಕಾರಿನ ನೆಲ ಬರೀ ತೆಳು ತಗಡು. ಅದಕ್ಕೆ ನೇರವಾಗಿ ಬೆಸೆದರೆ ತಗಡು ಬಿರಿದು ಕಿತ್ತುಬರಬಹುದು. ವೇಗದಲ್ಲಿ ಒಂದು ಬೆಸುಗೆ ಬಿಟ್ಟರೂ ಅಚ್ಚು ಓರೆಯಾಗಿ ಕಾರು ಚಾಲಕನ ಮಾತು ಕೇಳದು. ಒಳಗಿರುವವರ ಜೊತೆಗೆ ರಸ್ತೆಯಲ್ಲಿ ಹೋಗುವವರ ಪ್ರಾಣವೂ ಆ ಬೆಸುಗೆಯನ್ನು ನಂಬಿರುತ್ತದೆ. ಆದುದರಿಂದ ಬಲವನ್ನು ಗಟ್ಟಿ ಚೌಕಟ್ಟಿಗೆ ಒಯ್ಯುವ ದಾರಿ ಕಾಗದದ ಮೇಲೆ ತೀರ್ಮಾನವಾದ ಮೇಲಷ್ಟೇ ಬೆಸುಗೆಗೆ ಕೈಹಾಕಬೇಕು.

ಕೊನೆಗೊಂದು ಪ್ರಯೋಗ. ಪನಾರ್ ದಂಡದ ಬದಲು ಬಳಸುವ ಇನ್ನೊಂದು ಜೋಡಣೆ ಜೇಮ್ಸ್ ವಾಟ್ 1784ರಲ್ಲಿ ಉಗಿ ಎಂಜಿನ್ನಿಗಾಗಿ ಪೇಟೆಂಟ್ ಪಡೆದದ್ದು. ರಟ್ಟಿನಲ್ಲಿ 20 ಸೆಂಟಿಮೀಟರಿನ ಎರಡು ಪಟ್ಟಿ, 5 ಸೆಂಟಿಮೀಟರಿನ ಒಂದು ಪಟ್ಟಿ ಕತ್ತರಿಸಿ. ಉದ್ದ ಪಟ್ಟಿಗಳನ್ನು ಎಡದಿಂದ ಒಂದು, ಬಲದಿಂದ ಇನ್ನೊಂದು ಬರುವಂತೆ, ಒಂದು 5 ಸೆಂಟಿಮೀಟರ್ ಮೇಲಿರುವಂತೆ ಹಲಗೆಯ ಮೇಲೆ ಇಟ್ಟು, ಹೊರತುದಿಗಳಿಗೆ ಗುಂಡುಸೂಜಿ ಚುಚ್ಚಿ. ಒಳತುದಿಗಳನ್ನು ಚಿಕ್ಕ ಪಟ್ಟಿಯಿಂದ ಸೇರಿಸಿ, ಅದರ ನಡುವಿನ ತೂತಿನಲ್ಲಿ ಪೆನ್ಸಿಲ್ ಇಟ್ಟು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಮೂಡುವ ಗೆರೆ ಹೆಚ್ಚುಕಡಿಮೆ ನೇರವಾಗಿರುತ್ತದೆ. ಏಕೆಂದರೆ ಒಂದು ತೋಳು ಎಡಕ್ಕೆ ಎಳೆದಷ್ಟನ್ನು ಇನ್ನೊಂದು ಬಲಕ್ಕೆ ಎಳೆದು ಸರಿದೂಗಿಸುತ್ತದೆ.