ಚಿತ್ರ ಬಂತು, ಚೀಟಿ ಬರಲಿಲ್ಲ

ಜರ್ಮನಿಯ ಎಫ್. ಡಬ್ಲ್ಯು. ಮುರ್ನಾವ್ 1922ರಲ್ಲಿ ತೆರೆಗೆ ತಂದ ‘ನೊಸ್ಫೆರಾಟು’ ಎಂಬ ಮೂಕಿ ಚಿತ್ರದ ಖಳನಾಯಕ ರಕ್ತ ಹೀರುವ ಒಬ್ಬ ಪಿಶಾಚಿ. ಹೆಸರು ಕೌಂಟ್ ಓರ್ಲಾಕ್. ಬಿಸಿಲು ತಾಗಿತೆಂದರೆ ಅವನ ಕಥೆ ಮುಗಿಯಿತು. ಚಿತ್ರದ ಕೊನೆಯಲ್ಲಿ ಆಗುವುದೂ ಅದೇ. ಆದರೆ ಈ ಚಿತ್ರದ ಕಪ್ಪು ಬಿಳುಪು ಪ್ರತಿಗಳನ್ನು ನೋಡಿದವರಿಗೆ ಒಂದು ಅಸಂಗತ ಸಂಗತಿ ಎದ್ದು ಕಾಣುತ್ತಿತ್ತು. ಬಿಸಿಲಿಗೆ ಸಾಯಬೇಕಾದ ಈ ಪಿಶಾಚಿ ತನ್ನ ಶವಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡು ಹಾಡಹಗಲಿನಲ್ಲಿ ಊರ ಬೀದಿಯಲ್ಲಿ ನಡೆದುಹೋಗುತ್ತಾನೆ!

ತಪ್ಪು ಮುರ್ನಾವ್‌ನದಲ್ಲ. ಆ ಕಾಲದ ಫಿಲ್ಮಿಗೆ ರಾತ್ರಿಯನ್ನು ರಾತ್ರಿಯಲ್ಲೇ ಸೆರೆಹಿಡಿಯುವ ಶಕ್ತಿ ಇರಲಿಲ್ಲ. ಹಗಲಿನಲ್ಲಿ ಚಿತ್ರೀಕರಿಸಿ, ಚಿತ್ರಮಂದಿರಕ್ಕೆ ಕಳಿಸುವ ಪ್ರತಿಯ ಆ ಭಾಗವನ್ನು ನೀಲಿ ಬಣ್ಣದ ನೀರಿನಲ್ಲಿ ಅದ್ದುತ್ತಿದ್ದರು. ನೀಲಿ ಎಂದರೆ ರಾತ್ರಿ ಎಂಬುದು ಪ್ರೇಕ್ಷಕನಿಗೂ ಗೊತ್ತಿತ್ತು. ಮೂಲ ನೆಗೆಟಿವ್ ಮಾತ್ರ ಕಪ್ಪು ಬಿಳುಪೇ. ಯಾವ ತುಣುಕಿಗೆ ಯಾವ ಬಣ್ಣ ಎಂಬುದು ಸಂಸ್ಕರಣಾಲಯದವರ ಸೂಚನೆಯಲ್ಲಿ ಇರುತ್ತಿತ್ತು. ಮುಂದೆ ಬಣ್ಣ ಅದ್ದುವ ಪದ್ಧತಿಯೇ ನಿಂತಿತು. ಬೆಂಕಿಗೆ ಬೇಗ ತುತ್ತಾಗುವ ನೈಟ್ರೇಟ್ ಫಿಲ್ಮಿನಿಂದ ಸುರಕ್ಷಿತ ಫಿಲ್ಮಿಗೆ ಹಳೆಯ ಚಿತ್ರಗಳನ್ನು ನಕಲು ಮಾಡಿದವರು ಕಪ್ಪು ಬಿಳುಪಿನಲ್ಲೇ ನಕಲು ಮಾಡಿದರು. ದೃಶ್ಯ ಉಳಿಯಿತು. ಅದನ್ನು ಹೇಗೆ ನೋಡಬೇಕು ಎಂಬ ಸೂಚನೆ ಹೋಯಿತು. 2005-06ರಲ್ಲಿ ನಡೆದ ಪುನರುದ್ಧಾರದ ವೇಳೆ, ಪ್ಯಾರಿಸ್ಸಿನ ಸಿನೆಮಾಟೆಕ್ ಫ್ರಾಂಸೇಸ್‌ನಲ್ಲಿ ಉಳಿದಿದ್ದ 1922ರ ಬಣ್ಣದ ಪ್ರತಿಯೊಂದನ್ನು ಆಧಾರವಾಗಿ ಇಟ್ಟುಕೊಂಡು ಓರ್ಲಾಕ್‌ನನ್ನು ಮತ್ತೆ ರಾತ್ರಿಗೆ ಕಳಿಸಲಾಯಿತು.

ಇಂಥ ಅವಘಡ ಫಿಲ್ಮಿನ ಕಾಲಕ್ಕೇ ಮುಗಿಯಿತೆಂದು ಭಾವಿಸುವಂತಿಲ್ಲ. ಫಿಲ್ಮಿನ ಸುರುಳಿಯಿಲ್ಲದ, ಎಲ್ಲವೂ ಅಂಕಿಗಳೇ ಆಗಿರುವ ಇಂದಿನ ಡಿಸ್ಕ್‌ಗಳಲ್ಲೂ ಅದು ನಡೆಯುತ್ತಿದೆ. ಸಿನಿಮಾ ಡಿಸ್ಕ್ ಕೊಂಡು ಅದನ್ನು ಮನೆಯ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳುವ ಹವ್ಯಾಸಿಗಳು ಅನೇಕ ಬಾರಿ ಚಿತ್ರವನ್ನು ಒಂದು ಅಂಕಿಯೂ ಬಿಡದಂತೆ ತಂದುಕೊಂಡು, ಅದರ ಬೆಳಕಿನ ಚೀಟಿಯನ್ನು ಅಲ್ಲೇ ಬಿಟ್ಟು ಬರುತ್ತಾರೆ.

ಏನಿದು ಬೆಳಕಿನ ಚೀಟಿ? ಅದಕ್ಕೆ ಮೊದಲು ಹಳೆಯ ಟಿ.ವಿ.ಯ ಲೆಕ್ಕ ತಿಳಿಯಬೇಕು. ಮೆಟ್ರಿಕ್ ಪದ್ಧತಿ ಬರುವ ಮುಂಚೆ ‘ಒಂದು ಸೇರು ಅಕ್ಕಿ’ ಎಂದರೆ ಯಾವ ಊರಿನ ಸೇರು ಎಂದು ಕೇಳಬೇಕಿತ್ತು. ಹಳೆಯ ಟಿ.ವಿ. ಸಂಕೇತವೂ ಹಾಗೆಯೇ. ‘ಇಲ್ಲಿ ನಿನ್ನ ಶಕ್ತಿಯ ಅರ್ಧದಷ್ಟು ಬೆಳಗು’ ಎಂದಷ್ಟೇ ಅದು ಹೇಳುತ್ತಿತ್ತು. ಆ ಶಕ್ತಿ ಎಷ್ಟೆಂಬುದು ಆಯಾ ಟಿ.ವಿ.ಗೆ ಬಿಟ್ಟದ್ದು. ಪರದೆಯ ಪ್ರಖರತೆಯನ್ನು ಅಳೆಯುವ ಮಾನ ‘ನಿಟ್’: ಒಂದು ಚದರ ಮೀಟರಿಗೆ ಒಂದು ಕ್ಯಾಂಡೆಲಾ. ಸ್ಟುಡಿಯೋಗಳಲ್ಲಿ 100 ನಿಟ್‌ಗಳ ಪರದೆಯನ್ನು ನೋಡಿ ಚಿತ್ರಕ್ಕೆ ಅಂತಿಮ ರೂಪ ಕೊಡುತ್ತಿದ್ದರು. ದೀಪದ ಜ್ವಾಲೆಗೂ ಬಿಳಿ ಕಾಗದಕ್ಕೂ ಅಲ್ಲಿ ಹೆಚ್ಚು ಅಂತರ ಸಿಗುತ್ತಿರಲಿಲ್ಲ.

ಹೆಚ್ಚು ಬೆಳಗಬಲ್ಲ, ಹೆಚ್ಚು ಕಪ್ಪಾಗಬಲ್ಲ ಪರದೆಗಳು ಬಂದ ಮೇಲೆ ಸೇರಿನ ಜಾಗಕ್ಕೆ ಕಿಲೋ ಬೇಕಾಯಿತು. ಡಾಲ್ಬಿ ಸಂಸ್ಥೆಯಲ್ಲಿ ರೂಪುಗೊಂಡು 2014ರಲ್ಲಿ ಎಸ್‌ಎಂಪಿಟಿಇ ಮಾನಕವಾದ ‘ಪಿಕ್ಯೂ’ ಎಂಬ ಲೆಕ್ಕ ಅಂಥದು. ಇದರಲ್ಲಿ ಪ್ರತಿ ಅಂಕಿಗೂ ಇಂತಿಷ್ಟೇ ನಿಟ್ ಎಂಬ ನಿಗದಿಯಿದೆ. ಗರಿಷ್ಠ ಮಿತಿ 10,000 ನಿಟ್. ಕತ್ತಲಿನಲ್ಲಿ ಕಣ್ಣು ಅತಿ ಸೂಕ್ಷ್ಮ ವ್ಯತ್ಯಾಸವನ್ನೂ ಗುರುತಿಸುತ್ತದೆ, ಬೆಳಕಿನಲ್ಲಿ ಅಷ್ಟಿಲ್ಲ. ಆದ್ದರಿಂದ ಈ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅಂಕಿಗಳು ಮೊದಲ 100 ನಿಟ್‌ಗಳಿಗೇ ಮೀಸಲು! ಉಳಿದರ್ಧದಲ್ಲಿ ಮಿಕ್ಕ 9,900. ಹೈ ಡೈನಾಮಿಕ್ ರೇಂಜ್, ಅಂದರೆ ಎಚ್‌ಡಿಆರ್, ಎಂದು ಟಿ.ವಿ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದರ ಹಿಂದಿನ ಮುಖ್ಯ ಲೆಕ್ಕಗಳಲ್ಲಿ ಇದೊಂದು.

ಆದರೆ ಲೆಕ್ಕ 10,000ದವರೆಗೆ ಇದ್ದರೂ ಅಷ್ಟು ಬೆಳಗುವ ಟಿ.ವಿ. ಮನೆಯಲ್ಲಿರಬೇಕಲ್ಲ? ಸ್ಟುಡಿಯೋದವರು 1,000 ಅಥವಾ 4,000 ನಿಟ್‌ಗಳ ಪರದೆ ನೋಡಿ ಚಿತ್ರ ಸಿದ್ಧಮಾಡುತ್ತಾರೆ. ಮನೆಯ ಟಿ.ವಿ. 600ಕ್ಕೇ ಸುಸ್ತಾಗಬಹುದು. ಆಗ ಅದು ಹೆಚ್ಚಿನ ಬೆಳಕನ್ನು ತನ್ನ ಮಿತಿಯೊಳಗೆ ಅದುಮಿ ಕೂರಿಸಬೇಕು. ಎಷ್ಟು ಅದುಮಬೇಕೆಂದು ತಿಳಿಯಲು, ಬರುವ ಬೆಳಕು ಎಷ್ಟೆಂದು ಮೊದಲೇ ಗೊತ್ತಿರಬೇಕು. ಚಿತ್ರದ ಜೊತೆಯಲ್ಲೇ ಬರುವ ಚೀಟಿ ಹೇಳುವುದು ಇದನ್ನೇ. ತಂತ್ರಜ್ಞರು ಇದನ್ನು ಮೆಟಾಡೇಟಾ ಎನ್ನುತ್ತಾರೆ. ಚಿತ್ರ ಸಿದ್ಧಪಡಿಸಿದ ಪರದೆಯ ಅತಿ ಹೆಚ್ಚು ಮತ್ತು ಅತಿ ಕಡಿಮೆ ಪ್ರಖರತೆ ಎಷ್ಟು, ಅದರ ಬಣ್ಣಗಳ ವ್ಯಾಪ್ತಿ ಏನು, ಇಡೀ ಚಿತ್ರದ ಅತ್ಯಂತ ಪ್ರಖರ ಬಿಂದು ಎಷ್ಟು ನಿಟ್, ಸರಾಸರಿಯಲ್ಲಿ ಅತ್ಯಂತ ಪ್ರಖರವಾದ ಫ್ರೇಮ್ ಎಷ್ಟು ಎಂಬ ಕೆಲವೇ ಅಂಕಿಗಳು ಅದರಲ್ಲಿರುತ್ತವೆ. ಒಂದು ಅಂಚೆ ಕಾರ್ಡಿನಲ್ಲಿ ಬರೆದು ಮುಗಿಸಬಹುದಾದಷ್ಟು ವಿಷಯ.

ಆ ಕಾರ್ಡು ಕಳೆದರೆ ಟಿ.ವಿ. ಊಹೆಗೆ ಇಳಿಯುತ್ತದೆ. 4,000 ನಿಟ್‌ಗಳ ಚಿತ್ರವನ್ನು 1,000 ಎಂದು ಊಹಿಸಿದರೆ ಮಧ್ಯಾಹ್ನದ ಆಕಾಶದ ಮೋಡಗಳೆಲ್ಲ ಕರಗಿ ಒಂದು ಬಿಳಿ ತೇಪೆಯಾಗುತ್ತವೆ. 1,000ದ್ದನ್ನು 4,000 ಎಂದುಕೊಂಡರೆ ಬೇಕಿಲ್ಲದಿದ್ದರೂ ಅದುಮಿ ಇಡೀ ಚಿತ್ರವನ್ನು ಮಂಕು ಮಾಡುತ್ತದೆ. ಇದು ಪಿಕ್ಯೂ ಲೆಕ್ಕದ ಚಿತ್ರ ಎಂಬ ಗುರುತೇ ಅಳಿಸಿಹೋದರಂತೂ ಹಳೆಯ ಸೇರಿನಲ್ಲೇ ಅಳೆದುಬಿಡುತ್ತದೆ: ಬಿಳಿ ಮಾಸುತ್ತದೆ, ಬಣ್ಣಗಳು ಹತ್ತು ಸಲ ಒಗೆದ ಸೀರೆಯಂತೆ ಕಾಣುತ್ತವೆ. ಈ ಕೊನೆಯದು ಒಂದು ರೀತಿಯಲ್ಲಿ ವಾಸಿ, ಏಕೆಂದರೆ ನೋಡಿದ ಕೂಡಲೇ ತಪ್ಪಾಗಿದೆಯೆಂದು ತಿಳಿಯುತ್ತದೆ. ಮೊದಲಿನ ಎರಡು ಹಾಗಲ್ಲ. ಮೂಲವನ್ನು ಪಕ್ಕದಲ್ಲಿಟ್ಟು ನೋಡದ ಹೊರತು, ಛಾಯಾಗ್ರಾಹಕ ತೆಗೆದದ್ದೇ ಹೀಗೆಂದು ನಂಬಿ ಕೂರುವ ಅಪಾಯವಿದೆ.

ಹಾಗಾದರೆ ನಕಲಿನಲ್ಲಿ ಚೀಟಿ ಕಳೆಯುವುದೆಲ್ಲಿ? ಡಿಸ್ಕಿನಲ್ಲಿರುವ ಚಿತ್ರ ಮತ್ತು ಧ್ವನಿಯನ್ನು ಏನೂ ಬದಲಿಸದೆ ಇನ್ನೊಂದು ಬಗೆಯ ಕಡತಕ್ಕೆ ವರ್ಗಾಯಿಸುವುದಕ್ಕೆ ‘ರೀಮಕ್ಸ್’ ಎಂದು ಹೆಸರು. ಅಕ್ಕಿಯನ್ನು ಮೂಟೆಯಿಂದ ಡಬ್ಬಕ್ಕೆ ಸುರಿದಂತೆ. ಬೇಯಿಸುವ ಮಾತಿಲ್ಲ, ಒಂದು ಕಾಳೂ ಬದಲಾಗದು. ಹವ್ಯಾಸಿಗಳು ಬಹಳವಾಗಿ ಬಳಸುವ ಡಬ್ಬ ‘ಮಟ್ರೋಸ್ಕ’. ಒಂದರೊಳಗೊಂದು ಕೂರುವ ರಷ್ಯನ್ ಮರದ ಬೊಂಬೆಯಿಂದ ಬಂದ ಹೆಸರು. 2002ರಲ್ಲಿ ಹುಟ್ಟಿದ ಈ ಡಬ್ಬಕ್ಕೆ 2024ರಲ್ಲಿ ಅಂತರ್ಜಾಲ ಮಾನಕ ಮಂಡಳಿಯ ಅಧಿಕೃತ ದಾಖಲೆಯೂ ದೊರೆಯಿತು. ಅದು ಹುಟ್ಟಿದಾಗ ಎಚ್‌ಡಿಆರ್ ಟಿ.ವಿ.ಯೇ ಇರಲಿಲ್ಲ; ಬೆಳಕಿನ ಸೂಚನೆಗಳ ಖಾನೆಗಳು ಆಮೇಲೆ ಸೇರಿದವು. ಚೀಟಿ ಎರಡು ಕಡೆ ಇರಬಹುದು: ಒಂದು ಚಿತ್ರದ ಪ್ರವಾಹದ ಒಳಗೇ, ಅಂದರೆ ಅಕ್ಕಿಯ ನಡುವೆ, ಇನ್ನೊಂದು ಡಬ್ಬದ ಮೇಲಿನ ಪಟ್ಟಿಯಲ್ಲಿ. ಕೆಲವು ಟಿ.ವಿ. ಒಳಗಿನದನ್ನು ಹುಡುಕಿ ಓದುತ್ತವೆ. ಕೆಲವಕ್ಕೆ ಮೇಲಿನದಿಲ್ಲದಿದ್ದರೆ ಒಳಗೇನಿದೆಯೆಂದೇ ತಿಳಿಯದು.

2016ರಲ್ಲಿ ಮಾರುಕಟ್ಟೆಗೆ ಬಂದ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಡಿಸ್ಕ್‌ಗಳ ಎಚ್‌ಡಿಆರ್ ಚಿತ್ರಗಳಲ್ಲಿ ಈ ಸರಳ ಚೀಟಿಯ ಪದ್ಧತಿಯೇ ಮೂಲ. ಇದಕ್ಕೆ ಎಚ್‌ಡಿಆರ್10 ಎಂದು ಹೆಸರು. ಸಾಮಾನ್ಯವಾಗಿ ಇದು ಚಿತ್ರದ ಒಳಗೇ ಇರುವುದರಿಂದ ರೀಮಕ್ಸಿನಲ್ಲಿ ತಪ್ಪದೆ ಬರುತ್ತದೆ. ಕಷ್ಟವಿರುವುದು ಇನ್ನೊಂದು ಬಗೆಯದರಲ್ಲಿ. ಇಡೀ ಚಿತ್ರಕ್ಕೆ ಒಂದೇ ಚೀಟಿ ಎಂದರೆ, ಎರಡು ಗಂಟೆ ಕತ್ತಲಲ್ಲಿ ನಡೆಯುವ ಕಥೆಯಲ್ಲಿ ಒಂದೇ ಒಂದು ಸ್ಫೋಟವಿದ್ದರೂ ಆ ಸ್ಫೋಟದ ಅಂಕಿಯೇ ಎಲ್ಲ ದೃಶ್ಯಕ್ಕೂ ಅನ್ವಯಿಸಿಬಿಡುತ್ತದೆ. ಇದನ್ನು ತಪ್ಪಿಸಲು ಡಾಲ್ಬಿ ವಿಷನ್ ಪದ್ಧತಿಯಲ್ಲಿ ಪ್ರತಿ ಫ್ರೇಮಿಗೂ ಪ್ರತ್ಯೇಕ ಸೂಚನೆ ಇಡುತ್ತಾರೆ. ಎರಡು ಗಂಟೆಯ ಚಿತ್ರಕ್ಕೆ 1 ಲಕ್ಷ 72 ಸಾವಿರಕ್ಕೂ ಹೆಚ್ಚು ಚೀಟಿಗಳು!

ಡಾಲ್ಬಿ ವಿಷನ್ ಇರುವ ಬ್ಲೂ-ರೇಯಲ್ಲಿ ಚಿತ್ರವೂ ಎರಡು ಪದರ. ಕೆಳಗಿನದು ಎಲ್ಲ ಎಚ್‌ಡಿಆರ್ ಟಿ.ವಿ.ಗಳೂ ತೋರಿಸಬಲ್ಲ ಪೂರ್ಣ ಚಿತ್ರ. ಮೇಲಿನದು ಅದಕ್ಕಿಂತ ಚಿಕ್ಕ, ಪೂರಕ ಪದರ; ಚೀಟಿಗಳ ಕಂತೆ ಬರುವುದು ಇದರ ಜೊತೆಗೆ. ಡಿಸ್ಕಿನಲ್ಲಿ ಇವೆರಡೂ ಬೇರೆ ಬೇರೆ ಪ್ರವಾಹಗಳು. ಇದನ್ನರಿಯದ ತಂತ್ರಾಂಶ ಕೆಳಪದರವನ್ನು ಮಾತ್ರ ಡಬ್ಬಕ್ಕೆ ತುಂಬಿ ಕೆಲಸ ಮುಗಿಯಿತೆನ್ನುತ್ತದೆ. ಚಿತ್ರ ಚೆನ್ನಾಗಿಯೇ ಓಡುತ್ತದೆ, ದೂರು ಹೇಳುವವರಾರು? ಬಲ್ಲ ತಂತ್ರಾಂಶಗಳು ಎರಡನ್ನೂ ಹೆಣೆದು ಒಂದೇ ಪ್ರವಾಹ ಮಾಡುತ್ತವೆ, ಡಬ್ಬದ ಮೇಲೂ ಗುರುತು ಬರೆಯುತ್ತವೆ.

ಅಷ್ಟಾದರೂ ತೊಡಕು ತೀರುವುದಿಲ್ಲ. ಟಿ.ವಿ.ಗೆ ಜೋಡಿಸುವ ಚಿಕ್ಕ ಪೆಟ್ಟಿಗೆಗಳಲ್ಲಿ ಅನೇಕಕ್ಕೆ ಎರಡು ಪದರ ಕೂಡಿಸುವ ವಿದ್ಯೆ ಗೊತ್ತಿಲ್ಲ. ಆದ್ದರಿಂದ ಮೇಲಿನ ಪದರವನ್ನು ಎಸೆದು, ಚೀಟಿಗಳನ್ನು ಮಾತ್ರ ತಿದ್ದಿ ಉಳಿಸಿಕೊಳ್ಳುವ ಉಪಾಯವನ್ನು ಹವ್ಯಾಸಿಗಳು ಕಂಡುಕೊಂಡಿದ್ದಾರೆ. ಮೇಲಿನ ಪದರ ಕೇವಲ ಹೆಸರಿಗಿದ್ದು ಅದರಲ್ಲಿ ಚಿತ್ರಾಂಶವೇ ಇಲ್ಲದ ಡಿಸ್ಕ್‌ಗಳೂ ಉಂಟು, ಅಲ್ಲಿ ನಷ್ಟವಿಲ್ಲ. ಅದು ನಿಜವಾದ ಪೂರಕ ಚಿತ್ರವಾಗಿದ್ದರೆ ನಷ್ಟ ಖಂಡಿತ. ಕೆಲವು ಡಿಸ್ಕ್‌ಗಳಲ್ಲಿ ಈ ಪದರ ಬೆಳಕಿನ ಮಟ್ಟವನ್ನೇ ಬದಲಿಸುತ್ತದೆ. ಅಲ್ಲಿ ಪದರ ತೆಗೆದು ಚೀಟಿ ಉಳಿಸಿದರೆ, ಎರಡು ಪದರ ಕೂಡಿದ ಚಿತ್ರಕ್ಕೆ ಬರೆದ ಸೂಚನೆಯನ್ನು ಒಂಟಿ ಪದರಕ್ಕೆ ಹಚ್ಚಿದಂತಾಗುತ್ತದೆ. ಇಂಥಲ್ಲಿ ಚೀಟಿಯನ್ನು ಬಿಟ್ಟು ಬರುವುದೇ ಮೇಲು.

ಕತ್ತರಿ ಹಾಕುವವರ ಪಾಡು ಇನ್ನೊಂದು. ಚಿತ್ರದ ಆರಂಭದ ಸಂಸ್ಥೆಯ ಲಾಂಛನ ಬೇಡವೆಂದು ಒಂದಿಷ್ಟು ಫ್ರೇಮ್ ಕತ್ತರಿಸಿ, ಚೀಟಿಗಳ ಕಂತೆಯಿಂದ ಅಷ್ಟೇ ಚೀಟಿ ತೆಗೆಯದಿದ್ದರೆ ಮುಂದಿನದೆಲ್ಲ ಸರಿದು ಕೂರುತ್ತದೆ. ಒಂದೇ ಫ್ರೇಮ್ ಸರಿದರೂ ಸಾಕು, ಗುಹೆಯ ಕತ್ತಲಿನಿಂದ ಬಯಲಿನ ಬಿಸಿಲಿಗೆ ದೃಶ್ಯ ಜಿಗಿಯುವಲ್ಲಿ ಬಿಸಿಲಿನ ಮೊದಲ ಫ್ರೇಮಿಗೆ ಗುಹೆಯ ಚೀಟಿ ಸಿಕ್ಕಿ ಪರದೆ ಮಿಣುಕುತ್ತದೆ.

ಡಿಸ್ಕಿನ ಬೀಗ ಮುರಿಯುವುದು ಸರಿಯೇ ಎಂಬ ಪ್ರಶ್ನೆ ಇಲ್ಲಿ ಏಳದಿರದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮು, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಭೇದಿಸುವುದನ್ನು ಅಪರಾಧವೆನ್ನುತ್ತದೆ. ಇತರ ದೇಶಗಳ ಕಾನೂನುಗಳು ಬೇರೆ. ಇತ್ತ ಡಿಸ್ಕ್ ಓಡಿಸುವ ಯಂತ್ರಗಳೇ ವಿರಳವಾಗುತ್ತಿವೆ. ಒಪ್ಪೋ 2018ರಲ್ಲಿ, ಸ್ಯಾಮ್‌ಸಂಗ್ 2019ರಲ್ಲಿ ಈ ವ್ಯಾಪಾರಕ್ಕೆ ಬೆನ್ನು ತಿರುಗಿಸಿದವು. ಕೊಂಡ ಚಿತ್ರವನ್ನು ಕಾಪಿಟ್ಟುಕೊಳ್ಳಬೇಕೆನ್ನುವವರ ಆತಂಕವೂ ನಿರಾಧಾರವಲ್ಲ.

ನಕಲು ಸರಿಯಾಗಿದೆಯೇ ಎಂದು ನೋಡಲು ದೊಡ್ಡ ಉಪಕರಣವೇನೂ ಬೇಡ. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ ಕಡತವನ್ನು ಬಗೆದು ಚೀಟಿಯಲ್ಲಿರುವುದನ್ನು ಪರದೆಯ ಮೇಲೆ ಸಾಲುಸಾಲಾಗಿ ತೋರಿಸುತ್ತದೆ. ಮೂಲದ ಸಾಲುಗಳನ್ನೂ ನಕಲಿನ ಸಾಲುಗಳನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಐದು ನಿಮಿಷದ ಕೆಲಸ. ಓದುವಾಗ ಒಂದು ವಿಚಿತ್ರ ಎದುರಾದೀತು. ಎಷ್ಟೋ ಡಿಸ್ಕ್‌ಗಳಲ್ಲಿ ಚಿತ್ರದ ಅತ್ಯಂತ ಪ್ರಖರ ಬಿಂದುವಿನ ಜಾಗದಲ್ಲಿ ಸೊನ್ನೆ ಇರುತ್ತದೆ. ಇದು ನಕಲಿನ ದೋಷವಲ್ಲ. ಚಿತ್ರ ಸಿದ್ಧಮಾಡಿದವರೇ ಅಳೆಯದೆ ಬಿಟ್ಟಾಗ ಬರುವ ಅಂಕಿ ಅದು. ಮಾನಕದ ಪ್ರಕಾರ ಅಲ್ಲಿ ಸೊನ್ನೆಗೆ ‘ತಿಳಿಯದು’ ಎಂದೇ ಅರ್ಥ. ಹವ್ಯಾಸಿಗಳಲ್ಲಿ ಕೆಲವರು ಇಡೀ ಚಿತ್ರವನ್ನು ತಾವೇ ಫ್ರೇಮ್ ಫ್ರೇಮಾಗಿ ಅಳೆದು ಆ ಜಾಗ ತುಂಬುತ್ತಾರೆ. ಇನ್ನು ಕೆಲವರು ಮೂಲದ ಸೊನ್ನೆಯನ್ನು ಸೊನ್ನೆಯಾಗಿಯೇ ಇಟ್ಟು, ಅಳೆದ ಅಂಕಿಯನ್ನು ಪಕ್ಕದಲ್ಲಿ ಬೇರೊಂದು ಕಡತದಲ್ಲಿ ಬರೆದಿಡುತ್ತಾರೆ.