ಬದುವನ್ನು ಕಾಡಾಗಿಯೇ ಬಿಟ್ಟವರು

2003ರ ಕೊನೆಯಲ್ಲಿ ಕ್ಯಾರಿನ್ ಬರ್ಗ್‌ಕ್ವಿಸ್ಟ್ ಮತ್ತು ಲಿನ್‌ಫರ್ಡ್ ಡೆಟ್‌ವೈಲರ್ ದಂಪತಿ ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನು ರದ್ದು ಮಾಡಿ ಮನೆಯಲ್ಲಿ ಕೂತರು. ‘ಓವರ್ ದ ರೈನ್’ ಎಂಬ ಹೆಸರಿನಲ್ಲಿ ಹಾಡುವ ಈ ಗಂಡ ಹೆಂಡತಿಯ ‘ಒಹಾಯೊ’ ಎಂಬ ಜೋಡಿ ಸಿ.ಡಿ. ಆ ವರ್ಷವೇ ಹೊರಬಂದಿತ್ತು. ಹೊಸ ಹಾಡುಗಳನ್ನು ಹೊತ್ತು ಊರೂರು ಸುತ್ತುವ ಆ ಕೆಲವು ತಿಂಗಳು ಅಮೆರಿಕದ ಹಾಡುಗಾರರಿಗೆ ಸುಗ್ಗಿಯ ಕಾಲ. ಅದನ್ನು ಬಿಟ್ಟುಕೊಟ್ಟರೆ ಬೆಳೆದ ಬೆಳೆಯನ್ನು ಹೊಲದಲ್ಲೇ ಬಿಟ್ಟ ಹಾಗೆ. ಆದರೂ ಬಿಟ್ಟರು. ಇದ್ದಬದ್ದ ಶಕ್ತಿಯೆಲ್ಲ ಹಾಡಿಗೆ ಸುರಿದು, ಮದುವೆಗೆಂದು ಏನೂ ಉಳಿದಿಲ್ಲ ಎಂಬುದು ಇಬ್ಬರಿಗೂ ಗೊತ್ತಾಗಿತ್ತು.

ಆಮೇಲೆ ಮಾಡಿದ್ದನ್ನು ಅವರೇ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಎರಡು ಪೆಟ್ಟಿಗೆ ವೈನ್ ತಂದರು. ಸಂಜೆಗೊಂದು ಬಾಟಲಿಯನ್ನು ಅಡುಗೆಮನೆಯ ಮೇಜಿನ ನಡುವೆ ಇಟ್ಟು, ಎದುರುಬದುರು ಕೂತು, ಅದು ಬರಿದಾಗುವವರೆಗೆ ಮಾತನಾಡಿದರು. ಪೆಟ್ಟಿಗೆಗೆ ಹನ್ನೆರಡು ಬಾಟಲಿ ಎಂದು ಲೆಕ್ಕ ಹಿಡಿದರೆ ಮೂರು ವಾರಕ್ಕೂ ಮೀರಿದ ಸಂಜೆಗಳು. ಆ ಮಾತು ಏನೇನಿತ್ತೋ ಅದು ಅವರಿಬ್ಬರದು. ನಮಗೆ ಸಿಕ್ಕಿದ್ದು ಅದರ ಬೆನ್ನಿಗೆ ಹುಟ್ಟಿದ ಹಾಡುಗಳು. ಸ್ಟುಡಿಯೊ ಗೋಜಿಗೆ ಹೋಗದೆ ಮನೆಯ ಹಜಾರದಲ್ಲೇ ಅವನ್ನು ರೆಕಾರ್ಡ್ ಮಾಡಿ 2005ರಲ್ಲಿ ‘ಡ್ರಂಕರ್ಡ್ಸ್ ಪ್ರೇಯರ್’ ಎಂಬ ಹೆಸರಿನಲ್ಲಿ ತಂದರು. ಕುಡುಕನ ಪ್ರಾರ್ಥನೆ ಎಂದು ಅರ್ಥ. ಗಿಟಾರು, ಪಿಯಾನೊ, ನಿಂತು ನುಡಿಸುವ ದೊಡ್ಡ ಬೇಸ್, ಅಲ್ಲೊಂದು ಇಲ್ಲೊಂದು ಕಡೆ ಸ್ಯಾಕ್ಸೊಫೋನ್. ಅವುಗಳ ನಡುವೆ ಒಂದು ದನಿ. ಹಾಡುವವರು ಉಸಿರೆಳೆದುಕೊಳ್ಳುವುದೂ ಕಿವಿಗೆ ಬೀಳುವಷ್ಟು ಹತ್ತಿರದ ದನಿ ಅದು.

ಗಂಡ ಹೆಂಡತಿ ಜೋಡಿಯಾಗಿ ಹಾಡುವುದು ಅಮೆರಿಕದ ಜಾನಪದ ಮತ್ತು ಪಾಪ್ ಲೋಕಕ್ಕೆ ಹೊಸತೇನಲ್ಲ. ಒಂದು ಗಿಟಾರು, ಎರಡು ಕಂಠ, ಒಂದು ಕಾರು ಇದ್ದರೆ ಸಾಕು, ಕಸುಬು ಶುರುವಾಗುತ್ತದೆ. ಹಾಗೆ ಶುರುವಾದ ಜೋಡಿಗಳು ಬಹಳ. ಕಸುಬು ಕೈಹಿಡಿದ ಹೊತ್ತಿಗೆ ಮದುವೆ ಕೈಬಿಟ್ಟವರೂ ಅಷ್ಟೇ. ವೇದಿಕೆಯ ಮೇಲೆ ಒಬ್ಬರ ಕಣ್ಣು ಒಬ್ಬರು ನೋಡುತ್ತ ಹಾಡಿ, ಇಳಿದ ಮೇಲೆ ಬೇರೆ ಬೇರೆ ಕಾರು ಹತ್ತುವುದು ಎಂಥ ಸಂಕಟ ಎಂದು ಯೋಚಿಸಿದರೇ ಎದೆ ಭಾರವಾಗುತ್ತದೆ. ಓವರ್ ದ ರೈನ್ ಬಗ್ಗೆ ನನಗಿರುವ ಗೌರವಕ್ಕೆ ಕಾರಣ ಇಲ್ಲಿದೆ. ಮದುವೆಯನ್ನು ಅವರು ಹಾಡಿಗೆ ಬಂಡವಾಳ ಮಾಡಲಿಲ್ಲ. ಎರಡರಲ್ಲಿ ಒಂದು ನಿಲ್ಲಬೇಕಾಗಿ ಬಂದಾಗ ಹಾಡನ್ನು ನಿಲ್ಲಿಸಿದರು. ಹಾಡು ತಾನಾಗಿ ಹಿಂದಿರುಗಿ ಬಂತು, ಮೊದಲಿಗಿಂತ ಚೆನ್ನಾಗಿ ಬಂತು.

ಹೆಸರಿನ ಕಥೆ ಹೇಳಿಬಿಡುತ್ತೇನೆ. ಒಹಾಯೊ ರಾಜ್ಯದ ಸಿನ್ಸಿನಾಟಿ ನಗರದಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯಿಂದ ಬಂದವರ ದೊಡ್ಡ ಬಡಾವಣೆಯೊಂದಿತ್ತು. ಪೇಟೆಗೂ ಅವರ ಬೀದಿಗಳಿಗೂ ನಡುವೆ ಮಯಾಮಿ ಮತ್ತು ಈರಿ ಕಾಲುವೆ ಹರಿಯುತ್ತಿತ್ತು. ತವರಿನ ರೈನ್ ನದಿಯ ನೆನಪಿಗೆ ಜನ ಆ ಕಾಲುವೆಯನ್ನೇ ರೈನ್ ಎಂದು ಕರೆದರು; ಕಾಲುವೆ ದಾಟಿದರೆ ‘ಓವರ್ ದ ರೈನ್’, ರೈನ್ ಆಚೆ. ಕಾಲುವೆ ಮುಚ್ಚಿ ಎಷ್ಟೋ ಕಾಲವಾಯಿತು, ಈಗ ಅದರ ಮೇಲೆ ಅಗಲವಾದ ರಸ್ತೆಯಿದೆ. ಹೆಸರು ಮಾತ್ರ ಉಳಿದಿದೆ. 1878ರಲ್ಲಿ ಕಟ್ಟಿದ ಸಿನ್ಸಿನಾಟಿ ಮ್ಯೂಸಿಕ್ ಹಾಲ್ ಇರುವುದೂ ಇಲ್ಲೇ. 1989ರಲ್ಲಿ ಕ್ಯಾರಿನ್, ಲಿನ್‌ಫರ್ಡ್ ಮತ್ತವರ ಗೆಳೆಯರು ಮೇಳ ಕಟ್ಟಿದಾಗ ಬಡಾವಣೆ ಬಡವಾಗಿತ್ತು, ಎಷ್ಟೋ ಕಟ್ಟಡಗಳು ಪಾಳುಬಿದ್ದಿದ್ದವು, ಬಾಡಿಗೆ ಅಗ್ಗವಿತ್ತು. ತಾವಿದ್ದ ಬೀದಿಗಳ ಹೆಸರನ್ನೇ ಮೇಳಕ್ಕೂ ಇಟ್ಟುಕೊಂಡರು.

ಇಬ್ಬರೂ ಭೇಟಿಯಾದದ್ದು ಅದಕ್ಕೂ ಮೊದಲು, ಕ್ಯಾಂಟನ್ ಊರಿನ ಮಲೋನ್ ಕಾಲೇಜಿನಲ್ಲಿ. ಕ್ಯಾರಿನ್ ಪೂರ್ವ ಒಹಾಯೊದ ಬಾರ್ನ್ಸ್‌ವಿಲ್ ಎಂಬ ಸಣ್ಣ ಊರಲ್ಲಿ ಬೆಳೆದವರು. ಲಿನ್‌ಫರ್ಡ್ ಅವರ ತಂದೆ ಕ್ರೈಸ್ತ ಪಾದ್ರಿ; ಆ ತಂದೆ ಹುಟ್ಟಿ ಬೆಳೆದದ್ದು ಅಮಿಷ್ ಪಂಗಡದಲ್ಲಿ. ಇವತ್ತಿಗೂ ಕುದುರೆಗಾಡಿಯಲ್ಲೇ ಓಡಾಡುವ, ಮನೆಗೆ ವಿದ್ಯುತ್ ತಂತಿ ಎಳೆಸಿಕೊಳ್ಳದ ಅಮಿಷರ ಆರಾಧನೆಯಲ್ಲಿ ಬಾಯಿಹಾಡು ಉಂಟು, ವಾದ್ಯ ಇಲ್ಲ. ವಾದ್ಯ ನುಡಿಸಿದರೆ ಮನುಷ್ಯನಿಗೆ ಗರ್ವ ಬರುತ್ತದೆಂಬ ಭಯ. ಆ ಮೂಲದ ಮನೆಯಲ್ಲಿ ಒಂದು ತಲೆಮಾರು ದಾಟುವಷ್ಟರಲ್ಲಿ ಪಿಯಾನೊವನ್ನೇ ಬದುಕು ಮಾಡಿಕೊಂಡ ಮಗ ಬಂದ. ಲಿನ್‌ಫರ್ಡ್ ಪಿಯಾನೊ ಮುಟ್ಟುವುದನ್ನು ಕೇಳಿದರೆ ಅದು ವಾದ್ಯವೆಂಬ ವಸ್ತುವನ್ನು ಎಂದೂ ಸಲೀಸಾಗಿ ತೆಗೆದುಕೊಳ್ಳದವರ ಕೈ ಎಂದು ನನಗನ್ನಿಸುತ್ತದೆ. ಹತ್ತು ಸ್ವರ ಹಿಡಿಸುವ ಕಡೆ ಮೂರೇ ಸ್ವರ ಇಟ್ಟು ಸುಮ್ಮನಾಗುತ್ತಾರೆ.

ಮೊದಲಿಗೆ ಅದು ನಾಲ್ವರ ಮೇಳ. ರಿಕ್ ಹೊರ್ಡಿನ್‌ಸ್ಕಿ ಎಲೆಕ್ಟ್ರಿಕ್ ಗಿಟಾರು ನುಡಿಸುತ್ತಿದ್ದರು, ಬ್ರಯಾನ್ ಕೆಲ್ಲಿ ಡ್ರಮ್ಸ್. ಮೊದಲ ಎರಡು ಆಲ್ಬಮ್‌ಗಳನ್ನು 1991 ಮತ್ತು 1992ರಲ್ಲಿ ತಾವೇ ಮಾಡಿ ಹೊರತಂದರು, ಆಮೇಲೆ ಐ.ಆರ್.ಎಸ್. ರೆಕಾರ್ಡ್ಸ್ ಎಂಬ ಕಂಪನಿ ಕೈಹಿಡಿಯಿತು, 1994ರಲ್ಲಿ ‘ಈವ್’ ಬಂತು. 1996 ಅವರ ಪಾಲಿಗೆ ಎಲ್ಲವೂ ಒಟ್ಟಿಗೆ ಆದ ವರ್ಷ. ಆ ವರ್ಷ ಕಂಪನಿ ಬಾಗಿಲು ಮುಚ್ಚಿತು. ಆ ವರ್ಷವೇ ಕ್ಯಾರಿನ್, ಲಿನ್‌ಫರ್ಡ್ ಮದುವೆಯಾದರು. ಮನೆಯಲ್ಲಿ ಸುಮ್ಮನೆ ರೆಕಾರ್ಡ್ ಮಾಡಿಟ್ಟುಕೊಂಡಿದ್ದ, ಯಾವ ಕಂಪನಿಯ ಅಪ್ಪಣೆಗೂ ಕಾಯದ ಕೆಲವು ಹಾಡುಗಳನ್ನು ‘ಗುಡ್ ಡಾಗ್ ಬ್ಯಾಡ್ ಡಾಗ್’ ಎಂಬ ಹೆಸರಿನಲ್ಲಿ ತಾವೇ ಹೊರತಂದರು. ಕಾರ್ಯಕ್ರಮ ಮುಗಿದ ಮೇಲೆ ಮೇಜು ಹಾಕಿ ಮಾರಿದರು, ಅಂಚೆಯಲ್ಲಿ ಕಳಿಸಿದರು. ಕೇಳಿದವರು ಇನ್ನೊಬ್ಬರಿಗೆ ಕೊಟ್ಟರು. ಇವತ್ತಿಗೂ ಹಳೆಯ ಅಭಿಮಾನಿಗಳನ್ನು ಕೇಳಿದರೆ ಮೊದಲು ಹೇಳುವ ಹೆಸರು ಇದೇ. ಹೊರ್ಡಿನ್‌ಸ್ಕಿ, ಕೆಲ್ಲಿ ಒಬ್ಬೊಬ್ಬರಾಗಿ ತಮ್ಮ ದಾರಿ ಹಿಡಿದ ಮೇಲೆ ಗಂಡ ಹೆಂಡತಿ ಇಬ್ಬರೇ ಓವರ್ ದ ರೈನ್ ಆದರು. ಕೆನಡಾದ ಕೌಬಾಯ್ ಜಂಕೀಸ್ ಮೇಳದ ಜೊತೆ ಅವರ ವೇದಿಕೆಯಲ್ಲಿ ನುಡಿಸುತ್ತ ಹಾಡುತ್ತ ಕೆಲವು ಕಾಲ ಸುತ್ತಿದ್ದೂ ಉಂಟು.

ನಾಲ್ವರು ಇಬ್ಬರಾದಾಗ ಸಂಗೀತಕ್ಕೆ ಏನಾಗುತ್ತದೆ? ಕಡಿಮೆಯಾಗುತ್ತದೆ ಎಂದು ತೋರುತ್ತದೆ, ಆದರೆ ಕೆಲಸ ಹೆಚ್ಚಾಗುತ್ತದೆ. ಡ್ರಮ್ಸ್ ಇಲ್ಲ, ಹಾಗಾಗಿ ಲಯವನ್ನು ಕ್ಯಾರಿನ್ ಅವರ ಬಲಗೈ ಹೊರಬೇಕು. ಗಿಟಾರಿನ ಉಕ್ಕಿನ ತಂತಿಗಳ ಮೇಲೆ ಆ ಕೈ ತಾಳವನ್ನೂ ಹಾಕಬೇಕು, ಸ್ವರವನ್ನೂ ಕೊಡಬೇಕು. ಬೇಸ್ ಗಿಟಾರು ಇಲ್ಲದ ದಿನ ಲಿನ್‌ಫರ್ಡ್ ಅವರ ಎಡಗೈ ಪಿಯಾನೊದ ಕೆಳಗಿನ ಮನೆಗಳಲ್ಲಿ ನಡೆಯಬೇಕು. ತಪ್ಪಿದರೆ ಮರೆಸುವವರಿಲ್ಲ. ಬದಲಿಗೆ ಸಿಗುವುದು ಹಾಡುವವರಿಗೆ ಜಾಗ. ಕ್ಯಾರಿನ್ ಅವರ ದನಿ ಆ ಜಾಗವನ್ನು ಬಳಸುವ ರೀತಿಯೇ ಬೇರೆ. ಶುರುವಿನಲ್ಲಿ ಮಾತಿನಷ್ಟೇ ತಗ್ಗಿನಲ್ಲಿರುತ್ತದೆ. ವ್ಯಂಜನಗಳನ್ನು ಅರ್ಧ ನುಂಗಿ, ಸ್ವರಾಕ್ಷರಗಳನ್ನು ಬೆಲ್ಲದ ಪಾಕದ ಹಾಗೆ ಎಳೆಯುತ್ತಾರೆ; ಪದ ಮುಗಿದರೂ ಎಳೆ ಕಡಿಯುವುದಿಲ್ಲ. ಎಲ್ಲೋ ಮೂರನೇ ಚರಣಕ್ಕೆ ದನಿ ಪೂರ್ತಿ ಬಿಚ್ಚಿಕೊಂಡಾಗ ಇಷ್ಟು ಹೊತ್ತು ಇದನ್ನು ಎಲ್ಲಿ ಇಟ್ಟಿದ್ದರು ಎಂದು ಬೆರಗಾಗುತ್ತದೆ. ನಮ್ಮ ಭಾವಗೀತೆ ಕೇಳಿ ಬೆಳೆದವರಿಗೆ ಈ ನಡೆ ಪರಕೀಯವಲ್ಲ. ಹಾರ್ಮೋನಿಯಂ, ತಬಲ ಎರಡೇ ಇದ್ದ ಮನೆಯಂಗಳದ ಹಾಡಿನಲ್ಲಿ ಪದ ಹೇಗೆ ಮುಂದೆ ಬಂದು ಕೂರುತ್ತಿತ್ತೋ ಇಲ್ಲೂ ಹಾಗೆ.

ಇನ್ನೊಂದು ಮಾತು ಕನ್ನಡದವರಿಗೆಂದೇ ಹೇಳಬೇಕು. ಲೋಕದ ಪ್ರೇಮಗೀತೆಗಳೆಲ್ಲ ಹೆಚ್ಚುಕಡಿಮೆ ಮದುವೆಗೆ ಮೊದಲೇ ಮುಗಿಯುತ್ತವೆ. ಮದುವೆಯಾದ ಮೇಲಿನ ಪ್ರೀತಿಯನ್ನೇ ಹಾಡಾಗಿಸಿದ ಭಾಗ್ಯ ನಮಗೆ ಮೊದಲೇ ಸಿಕ್ಕಿತ್ತು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲೇ ಬಂತು. ದಾಂಪತ್ಯದ ನೋವಿನ ಕಡೆಯನ್ನೂ ಮುಚ್ಚಿಡದ ಬೇಂದ್ರೆಯವರ ‘ಸಖೀಗೀತ’ ಅದಕ್ಕಿಂತ ಹಿಂದಿನದು. ಹೀಗಾಗಿ ಓವರ್ ದ ರೈನ್ ಹಾಡುಗಳಲ್ಲಿ ಬರುವ ಮಧ್ಯವಯಸ್ಸಿನ ಪ್ರೀತಿ, ಮುನಿಸು, ಮತ್ತೆ ಮೇಜಿಗೆ ಮರಳಿ ಕೂರುವ ಹಟ, ಇವನ್ನೆಲ್ಲ ಅರ್ಥ ಮಾಡಿಕೊಳ್ಳಲು ನಮಗೆ ಅನುವಾದಕರು ಬೇಕಿಲ್ಲ. ಕ್ರಿಸ್ಮಸ್‌ಗೆಂದು ಅವರು ಮೂರು ಆಲ್ಬಮ್ ಮಾಡಿದ್ದಾರೆ, 1996, 2006 ಮತ್ತು 2014ರಲ್ಲಿ. ಮೂರರಲ್ಲೂ ಗಂಟೆಯ ಗಲಗಲಕ್ಕಿಂತ ಹಬ್ಬದ ದಿನ ಕಾಡುವ ಅಗಲಿಕೆಯೇ ಹೆಚ್ಚು. ಸಾವಾದ ವರ್ಷ ಹಬ್ಬ ಮಾಡದ ಮನೆಯಲ್ಲಿ ಆ ದಿನ ಸಂಜೆ ಹೇಗಿರುತ್ತದೆಂದು ಗೊತ್ತಿರುವವರಿಗೆ ಈ ಹಾಡುಗಳು ನೇರ ಒಳಗಿಳಿಯುತ್ತವೆ.

ವೈನ್ ಬಾಟಲಿಗಳ ಆ ಸಂಜೆಗಳಾದ ಮೇಲೆ ದಂಪತಿ ನಗರ ಬಿಟ್ಟರು. ಸಿನ್ಸಿನಾಟಿಯಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿ ಅಮೆರಿಕದ ಅಂತರ್ಯುದ್ಧಕ್ಕೂ ಹಿಂದೆ ಕಟ್ಟಿದ ತೋಟದ ಮನೆಯೊಂದನ್ನು ಕೊಂಡು ಅಲ್ಲಿ ನೆಲೆಸಿದರು. ‘ನೋವೇರ್ ಫಾರ್ಮ್’ ಎಂದು ಹೆಸರಿಟ್ಟರು. ಎಲ್ಲೂ ಇಲ್ಲದ ತೋಟ. ಲಿನ್‌ಫರ್ಡ್ ಅವರ ತಂದೆ ಮೊದಲ ಸಲ ಬಂದು ಜಮೀನು ಸುತ್ತಿ ನೋಡಿ ಮಗ ಸೊಸೆಗೆ ಹೇಳಿದ ಬುದ್ಧಿಮಾತು ಒಂದೇ: ಅಂಚುಗಳನ್ನು ಸವರಬೇಡಿ, ಕಾಡಾಗಿಯೇ ಬಿಡಿ, ಹಕ್ಕಿಗಳಿಗೆ ಮರೆಯಾಗಿ ಗೂಡು ಕಟ್ಟಿ ಹಾಡಲು ಜಾಗ ಬೇಕು.

ಈ ಮಾತನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಹೊಲದ ಬದು ಕಣ್ಣಮುಂದೆ ಬಂತು. ಬದುವಿನ ಮೇಲೆ ತುಂಬೆ, ಉತ್ತರಾಣಿ, ಲಕ್ಕಿ ಪೊದೆ, ಅದರೊಳಗೆ ಟುವ್ವಿ ಹಕ್ಕಿ ಎಲೆ ಹೊಲಿದು ಮಾಡಿದ ಗೂಡು. ಟ್ರ್ಯಾಕ್ಟರ್ ಬಂದ ಮೇಲೆ ಬದುಗಳು ಸಣ್ಣವಾದವು, ಆಮೇಲೆ ಅಲ್ಲಿಗೆ ಕಳೆನಾಶಕ ಬಂತು. ಗೇಣು ನೆಲ ಗೆದ್ದೆವು, ಬೆಳಗಿನ ಹೊತ್ತು ಕೇಳುತ್ತಿದ್ದ ಅರ್ಧ ದನಿಗಳನ್ನು ಕಳಕೊಂಡೆವು. ಒಹಾಯೊದ ಮುದುಕರೊಬ್ಬರು ಅದನ್ನೇ ಹೇಳಿದ್ದರು. ಮಗ ಸೊಸೆ ಅದನ್ನು ಬೇಲಿಯಂಚಿಗೆ ಮಾತ್ರ ಅನ್ವಯಿಸಲಿಲ್ಲ. 2013ರಲ್ಲಿ ಬಂದ ‘ಮೀಟ್ ಮಿ ಅಟ್ ದ ಎಡ್ಜ್ ಆಫ್ ದ ವರ್ಲ್ಡ್’ ಎಂಬ ಜೋಡಿ ಆಲ್ಬಮ್ ಪೂರ್ತಿ ಆ ತೋಟದಿಂದಲೇ ಹುಟ್ಟಿದ್ದು, ತಂದೆಯ ಮಾತೂ ಅದರೊಳಗಿನ ಹಾಡಾಗಿದೆ. ರೆಕಾರ್ಡ್ ಮಾಡಿದ ರೀತಿಯಲ್ಲೂ ಅದೇ ಗುಣ. ನಿರ್ಮಾಪಕ ಜೋ ಹೆನ್ರಿ, ತಾವೂ ಹಾಡುಗಾರರು, ಸಂಗೀತಗಾರರನ್ನೆಲ್ಲ ಒಟ್ಟಿಗೆ ಕೂರಿಸಿ ನುಡಿಸುವವರು. ದನಿ ಸ್ವಲ್ಪ ಒಡೆದರೆ ಅದನ್ನು ಯಂತ್ರದಲ್ಲಿ ತಿದ್ದದೆ ಹಾಗೇ ಇಡುತ್ತಾರೆ.

ಹೆನ್ರಿಯವರ ಜೊತೆ ಅವರು ಮೊದಲು ಮಾಡಿದ್ದು 2011ರ ‘ದ ಲಾಂಗ್ ಸರೆಂಡರ್’. ಅದರ ಖರ್ಚು ಭರಿಸಿದವರು ಕೇಳುಗರು. ಆಲ್ಬಮ್ ಆಗುವ ಮೊದಲೇ ಹಣ ಕೊಟ್ಟು ಕಾದರು. ಸ್ವಂತ ಲೇಬಲ್‌ಗೆ ಅವರಿಟ್ಟ ಹೆಸರು ‘ಗ್ರೇಟ್ ಸ್ಪೆಕಲ್ಡ್ ಡಾಗ್’. ದೊಡ್ಡ ಕಂಪನಿಯಿಲ್ಲದೆ ಹೀಗೆ ಮೂರು ದಶಕ ಬದುಕುವುದು ಹೇಗೆ ಎಂದು ಕೇಳಿದರೆ ಉತ್ತರ ಈ ಸಂಬಂಧದಲ್ಲಿದೆ. ಕೋಟಿ ಜನ ಒಂದೊಂದು ಸಲ ಕೇಳುವುದಕ್ಕಿಂತ ಕೆಲವು ಸಾವಿರ ಜನ ಇಡೀ ಜೀವಮಾನ ಕೇಳುವುದು ಇಂಥ ಹಾಡುಗಾರರನ್ನು ಸಾಕುತ್ತದೆ. ಲಿನ್‌ಫರ್ಡ್ ಆ ಜನಕ್ಕೆ ಉದ್ದುದ್ದ ಕಾಗದ ಬರೆಯುತ್ತಾರೆ, ತೋಟದ ನಾಯಿ, ಹಿಮ, ಅರೆಬರೆ ಹಾಡು ಎಲ್ಲದರ ಸಮಾಚಾರವೂ ಅದರಲ್ಲಿರುತ್ತದೆ. 2016ರಿಂದ ‘ನೋವೇರ್ ಎಲ್ಸ್’ ಎಂಬ ಸಂಗೀತೋತ್ಸವ ನಡೆಸಿ ಆ ಕೇಳುಗರನ್ನೇ ಹಳ್ಳಿಗೆ ಕರೆಸಿಕೊಂಡರು. ತೋಟದ ಹತ್ತಿರ ಹಳೆಯದೊಂದು ಮರದ ಕಣಜದ ಮನೆಯನ್ನು ಹಿಡಿದು ಸರಿಪಡಿಸಿ ಹಾಡಿನ ಮನೆ ಮಾಡುವ ಕೆಲಸಕ್ಕೆ ಕೈಹಾಕಿದರು. ಹುಲ್ಲು, ಧಾನ್ಯ ತುಂಬಿಡಲು ಕಟ್ಟಿದ ಆ ಎತ್ತರದ ಮರದ ಮಾಡಿನ ಕೆಳಗೆ ಗಿಟಾರಿನ ನಾದ ಹೇಗೆ ಕೇಳಬಹುದೆಂದು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

2019ರಲ್ಲಿ ಮೇಳಕ್ಕೆ ಮೂವತ್ತು ತುಂಬಿತು. ಆ ವರ್ಷ ಬಂದ ‘ಲವ್ ಅಂಡ್ ರೆವೆಲೇಶನ್’ ಹಾಡುಗಳಲ್ಲಿ ದುಃಖವೇ ಹೆಚ್ಚು. ಅಗಲಿದವರು, ಕಾಯಿಲೆ ಬಿದ್ದವರು, ಹೆತ್ತವರನ್ನು ಕಳಕೊಂಡ ಗೆಳೆಯರು. ಅದರಲ್ಲಿ ಹುಸಿ ಸಮಾಧಾನ ಇಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನ.

ಹೊಸದಾಗಿ ಕೇಳುವವರು ‘ಡ್ರಂಕರ್ಡ್ಸ್ ಪ್ರೇಯರ್’ನಿಂದ ಶುರು ಮಾಡಲಿ. ರಾತ್ರಿ ಪಾತ್ರೆ ತೊಳೆದು ಮನೆ ಸದ್ದಡಗಿದ ಮೇಲೆ, ಇಯರ್‌ಫೋನ್ ಬೇಡ, ಕೋಣೆಯಲ್ಲಿ ಸಣ್ಣಗೆ ಹಾಕಿ. ಆಮೇಲೆ 2013ರ ತೋಟದ ಹಾಡುಗಳಿಗೆ ಬನ್ನಿ. ಎಷ್ಟೋ ವರ್ಷ ಪಿಯಾನೊದ ಹಿಂದೆಯೇ ಇದ್ದ ಲಿನ್‌ಫರ್ಡ್ ಇಲ್ಲಿ ಹಾಡಿಗೆ ಹಾಡು ಹೆಂಡತಿಯ ಜೊತೆ ದನಿಗೂಡಿಸುತ್ತಾರೆ. ಅದು ತಾಲೀಮಾದ ಕಂಠವಲ್ಲ, ಕ್ಯಾರಿನ್ ಅವರ ದನಿಯ ಮುಂದೆ ತೀರಾ ಸಾದಾ. ಆಕೆಯ ದನಿಗಿಂತ ಒಂದು ಮೆಟ್ಟಿಲು ಕೆಳಗೆ, ಆಕೆ ಎಲ್ಲಿ ಉಸಿರೆಳೆದರೆ ಅಲ್ಲೇ ಉಸಿರೆಳೆದು ನಡೆಯುತ್ತದೆ. ಮೊದಲ ಸಲ ಕೇಳುವಾಗ ಅಲ್ಲೊಂದು ಎರಡನೇ ದನಿಯಿದೆ ಎಂದೇ ಗೊತ್ತಾಗುವುದಿಲ್ಲ.